ಇನ್ನೊಂದು ಮೊಳ

ಹೊಳೆಗಳು ಯಾವ ಕಡೆ ಹರಿಯಬೇಕೆಂದು ಇನ್ನೂ ತೀರ್ಮಾನ ಮಾಡಿರದ ಕಾಲದಲ್ಲಿ, ಬೆಳಕೋಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಹುಲಿಗಳಿಗೆ ಮಾತು ಬರುತ್ತಿತ್ತು. ಬೆಟ್ಟಗಳು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದವು. ಸತ್ತವರು ಉತ್ತರದ ಮಂಜಿನ ಕಣಿವೆಯ ಆಚೆ ದಡದಲ್ಲಿ ವಾಸವಾಗಿರುತ್ತಿದ್ದರು. ಇದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಬೆಳಕೋಡಿನವರಿಗೆ ಆಶ್ಚರ್ಯವಾಗುತ್ತಿದ್ದದ್ದು ಒಂದೇ ವಿಷಯಕ್ಕೆ: ಬೇರೆ ರಾಜ್ಯದ ನೇಕಾರರು ತಾವು ನೇಯ್ದ ಬಟ್ಟೆಯನ್ನು ತಾವೇ ಕೊಯ್ದುಕೊಳ್ಳುತ್ತಾರಂತೆ!

ಬೆಳಕೋಡಿನಲ್ಲಿ ನೇಯ್ದವರು ಕೊಯ್ಯುವಂತಿರಲಿಲ್ಲ. ಬಟ್ಟೆ ಮುಗಿದಾಗ ಲಾಳಿಯಿಂದ ಮಗ್ಗದ ಮರಕ್ಕೆ ಮೂರು ಸಲ ಬಡಿಯಬೇಕು. ಟಕ್, ಟಕ್, ಟಕ್. ಅದನ್ನು ಕೇಳಿ ಪಕ್ಕದ ಮನೆಯವರು ಕುಡುಗೋಲು ಹಿಡಿದು ಬರಬೇಕು. ಎಳೆಗಳನ್ನು ಕೊಯ್ದು, "ಮುಗೀತು, ಹೊಸದು ಹಾಕು" ಎನ್ನಬೇಕು. ಒಂದು ಅಚ್ಚು ಬೆಲ್ಲ ತಿಂದು ಹೋಗಬೇಕು. ತಾನೇ ಕೊಯ್ಯಲು ಹೋದವಳ ಕೈಯಲ್ಲಿ ಎಂಥ ಕತ್ತಿಯೂ ಮೊಂಡಾಗುತ್ತಿತ್ತು. ಬಡಿಯದೆ ಇದ್ದಾಗ ಬೇರೆಯವರು ಬಂದು ಕೊಯ್ದರೆ, ಎಳೆಯ ಜೊತೆ ನೇಯ್ದವಳ ಉಸಿರೂ ಕಡಿಯುತ್ತಿತ್ತು. ಯಾಕೆ ಹೀಗೆ ಎಂದು ಮುದುಕಿಯರನ್ನು ಕೇಳಿದರೆ, "ನೇಯೋ ಕೈಗೆ ನಿಲ್ಸೋದು ಗೊತ್ತಾಗಲ್ಲ ಕಣವ್ವಾ" ಎನ್ನುತ್ತಿದ್ದರು.

ಆ ಊರಿನ ನೇಕಾರರ ಕೇರಿಯಲ್ಲಿ ಇರುವಂತಿ ಎಂಬ ಹುಡುಗಿಯಿದ್ದಳು. ಅಪ್ಪ ಅವ್ವ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ತಂಗಿ, ಕೆಂಚಿ, ಒಂಬತ್ತು ವರ್ಷದವಳು. ಇರುವಂತಿಗೆ ಮಾತು ಕಡಿಮೆ. ಜನರ ಮುಂದೆ ನಿಂತರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಇಬ್ಬರ ಮಾತನ್ನೂ ಕೆಂಚಿಯೇ ಆಡುತ್ತಿದ್ದಳು. ಬಣ್ಣ ಹಾಕುವವನ ಹತ್ತಿರ ಹೋದರೆ, "ನಮ್ಮಕ್ಕಂಗೆ ಈ ಕೆಂಪು ಹಿಡಿಸಲಿಲ್ಲ, ಬೇರೆ ತೋರ್ಸು" ಎನ್ನುವಳು. ಪಕ್ಕದ ಮನೆಯ ಸಾತವ್ವ, "ಏನೇ, ನಿಮ್ಮಕ್ಕ ಮೂಗೀನಾ?" ಎಂದು ರೇಗಿಸಿದರೆ, "ಇಲ್ಲ ಸಾತವ್ವ, ನಿನ್ನ ಮಾತು ಮುಗೀಲಿ ಅಂತ ಕಾಯ್ತಾ ಇದ್ದಾಳೆ. ಯಾವಾಗ ಮುಗಿಯುತ್ತೆ?" ಎನ್ನುವಳು. ಸಾತವ್ವ ಹೊಟ್ಟೆ ಹಿಡಿದುಕೊಂಡು ನಗುವಳು.

ಸಾತವ್ವನ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಈಚೆಗೂ ಆಚೆಗೂ ತೆರೆದ ಒಂದು ಗೂಡು. ಅದರಲ್ಲಿಟ್ಟ ಒಂದೇ ದೀಪ ಎರಡು ಮನೆಗೂ ಬೆಳಕು ಕೊಡುತ್ತಿತ್ತು. ಸಾತವ್ವ ಒಂಟಿ ಹೆಂಗಸು. ಇರುವಂತಿಯ ಬಟ್ಟೆಯನ್ನು ಸಾತವ್ವ ಕೊಯ್ಯುವಳು, ಸಾತವ್ವನ ಬಟ್ಟೆಯನ್ನು ಇರುವಂತಿ ಕೊಯ್ಯುವಳು. ಬೆಲ್ಲ ಮಾತ್ರ ಎರಡೂ ಕಡೆ ಕೆಂಚಿಯೇ ತಿನ್ನುವಳು.

ಆ ವರ್ಷ ಇರುವಂತಿ ತಂಗಿಗೆ ಒಂದು ಲಂಗದ ಬಟ್ಟೆ ಹಾಕಿದ್ದಳು. ನಾಲ್ಕೂವರೆ ಮೊಳ, ಅಂಚಿನಲ್ಲಿ ಗಿಳಿ. "ಬಾಲ ಉದ್ದ ಮಾಡಕ್ಕಾ, ಮೋಟು ಗಿಳಿ ಬೇಡ" ಎಂದು ಕೆಂಚಿ ಪಕ್ಕದಲ್ಲೇ ಕೂತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎರಡು ಮೊಳ ಆಗುವಷ್ಟರಲ್ಲಿ ಅವಳಿಗೆ ಜ್ವರ ಬಂತು. ಚಾಪೆ ಮೇಲೆ ಮಲಗಿಕೊಂಡೇ ಗಿಳಿ ಎಣಿಸುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ, "ಅಕ್ಕಾ, ನೀರು" ಎಂದಳು.

ಇರುವಂತಿಯ ಕೈಯಲ್ಲಿ ಲಾಳಿ ಓಡುತ್ತಿತ್ತು. ಸಂಜೆಯೊಳಗೆ ಮುಗಿಸಿ ತೋರಿಸಿದರೆ ಹುಡುಗಿ ಗೆಲುವಾದಾಳು ಎಂಬ ಆಸೆ. "ಇನ್ನೊಂದು ಮೊಳ ಆಗ್ಲಿ, ಕೆಂಚಿ. ಆಮೇಲೆ ಕೊಡ್ತೀನಿ" ಎಂದಳು.

ಸೂರ್ಯ ಇಳಿಯುವ ಹೊತ್ತಿಗೆ ಕೆಂಚಿ ಇರಲಿಲ್ಲ. ನಡುವೆ ಏನಾಯಿತು ಎಂಬುದು ಇರುವಂತಿಗೆ ಮರೆತೇಹೋಯಿತು. ತಾನು ಆಡಿದ ಆ ಒಂದು ಮಾತು ಮಾತ್ರ ಉಳಿಯಿತು.

ಕೇರಿಯವರೆಲ್ಲ ಬಂದರು, ಅತ್ತರು, ಉಣಿಸಿದರು, ಹದಿಮೂರು ದಿನವಾದ ಮೇಲೆ ತಮ್ಮ ತಮ್ಮ ಮನೆಗೆ ಹೋದರು. ಇರುವಂತಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಉಳಿದದ್ದನ್ನು ನೇಯ್ದಳು. ನಾಲ್ಕೂವರೆ ಮೊಳ ಆಯಿತು. ಅವಳು ಬಡಿಯಲಿಲ್ಲ. ಐದು ಮೊಳ ಆಯಿತು. ಆರು ಆಯಿತು.

ಗೂಡಿನಲ್ಲಿ ಸಾತವ್ವನ ಮುಖ ಕಾಣಿಸಿತು. "ಏನೇ, ಮೂರು ಸಲ ಬಡಿಯೋ ಸದ್ದೇ ಇಲ್ಲ?"

"ಇನ್ನೂ ಮುಗಿದಿಲ್ಲ ಸಾತವ್ವ."

"ಅಷ್ಟು ಚಿಕ್ಕ ಹುಡುಗಿ ಲಂಗಕ್ಕೆ ಎಷ್ಟು ಮೊಳಾನೇ ಬೇಕು..." ಎಂದು ಶುರುಮಾಡಿದ ಸಾತವ್ವ ನಾಲಿಗೆ ಕಚ್ಚಿಕೊಂಡಳು. ಒಂದು ಬಟ್ಟಲು ಹುರುಳಿ ಸಾರನ್ನು ಗೂಡಿನಲ್ಲಿಟ್ಟು ಹೋದಳು.

ಮಾರನೆಯ ದಿನ ಮಧ್ಯಾಹ್ನ, ಹಿತ್ತಿಲ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೈತುಂಬ ಬೂದು ಶಾಲು ಹೊದ್ದಿದ್ದ. ಅವನು ಅಲುಗಿದರೆ ಹೆಗಲಿನಿಂದ ಸಣ್ಣ ಪುಡಿ ಉದುರುತ್ತಿತ್ತು. ಕಣ್ಣು ಎರಡು ಕರಿ ಚುಕ್ಕೆ.

"ಬಟ್ಟೆ ಚೆನ್ನಾಗಿದೆ ಮಗಳೇ," ಎಂದ. "ಯಾಕೆ ಕೊಯ್ಸಿಲ್ಲ?"

ಇರುವಂತಿ ಲಾಳಿ ಓಡಿಸುತ್ತಲೇ ಇದ್ದಳು.

"ಕೊಯ್ಸಿದ್ರೆ ಮುಗಿದುಹೋಗುತ್ತೆ ಅಂತ, ಅಲ್ವಾ?"

ಅವಳ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದ ಮೊದಲನೆಯವನು ಅವನು. ಇರುವಂತಿ ತಲೆ ಎತ್ತಿದಳು.

"ನನ್ನ ಹೆಸರು ನುಸಿರಾಯ. ಮಂಜಿನ ಕಣಿವೆ ದಾರಿ ನಂಗೊತ್ತು. ಈ ಬಟ್ಟೆನ ನೇಯ್ತಾನೇ ಹೋಗು. ಆಚೆ ದಡ ಮುಟ್ಟಿದ ದಿನ ನಿನ್ನ ತಂಗಿ ಇದರ ಮೇಲೆ ನಡಕೊಂಡು ಬರ್ತಾಳೆ. ಮೂರು ಮಾತು ನೆನಪಿಟ್ಕೋ. ಕುಡುಗೋಲು ತಾಗಬಾರದು. ನೇಯೋವಾಗ ಇನ್ನೊಬ್ಬರ ಕಣ್ಣು ಬೀಳಬಾರದು. ನಿನ್ನ ನೂಲು ಸಾಲದ ಕಡೆ, ಬೇರೆ ನೂಲು ನೀನೇ ಹೋಗಿ ತರಬೇಕು."

"ಎಷ್ಟು ಮೊಳ ಆಗುತ್ತೆ ಸ್ವಾಮಿ?"

"ಇನ್ನೊಂದು ಮೊಳ ಅಂದ್ಕೊಂಡು ನೇಯ್ತಿರು."

ಅವನು ಬಟ್ಟೆಯ ಮೇಲೆ ಊದಿದ. ಸುತ್ತಿಟ್ಟಿದ್ದ ಬಟ್ಟೆ ಮರದಿಂದ ಜಾರಿ, ಗಿಳಿಯಂಚಿನ ತುದಿ ಮುಂದೆ ಮಾಡಿಕೊಂಡು, ಹಿತ್ತಿಲ ಬಾಗಿಲು ದಾಟಿ ಉತ್ತರಕ್ಕೆ ಹೊರಟಿತು. ಇರುವಂತಿ ಒಂದು ಮೊಳ ನೇಯ್ದರೆ ಬಟ್ಟೆ ಒಂದು ಕೂಗಳತೆ ಮುಂದೆ ಹೋಗುತ್ತಿತ್ತು. ಮಗ್ಗದ ಮೇಲಿನ ಹಾಸುನೂಲು ಎಷ್ಟು ನೇಯ್ದರೂ ಮುಗಿಯಲಿಲ್ಲ.

ಮೊದಮೊದಲು ಕೇರಿಯವರು ಮೆಚ್ಚಿದರು. "ಕಾಲು ಚಾಚಿ ಅಳ್ತಾ ಕೂರಲಿಲ್ಲ, ಎಂಥ ಛಲ ಹುಡುಗೀದು!" ಎಂದರು. ಛಲವೇ ಆಗಿತ್ತು, ಆಗ.

ಬಟ್ಟೆಯ ತುದಿ ಕಲ್ಲುಕಾಡಿಗೆ ಬಂದು ನಿಂತಿತು. ಅಲ್ಲಿನ ಕಲ್ಲುಗಳಿಗೆ ಹಲ್ಲಿದ್ದವು. ಹತ್ತಿಯ ನೂಲು ತಾಗಿದರೆ ಕಡಿದು ಉಗುಳುತ್ತಿದ್ದವು. "ಅಲ್ಲಿನ ಹುಲಿಯ ಮೀಸೆ ತಾ. ಎಳೆದಷ್ಟೂ ಬರೋ ನೂಲು ಅದು" ಎಂದ ನುಸಿರಾಯ. ಇರುವಂತಿ ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು.

ಹುಲಿ ಒಂದು ಬಂಡೆಯ ಮೇಲೆ ಕೂತಿತ್ತು. "ಕೈಯನ್ನ ನನ್ನ ಬಾಯಲ್ಲಿಡು. ಸೂರ್ಯ ಮುಳುಗೋವರೆಗೂ ತೆಗೀಬೇಡ. ಆಗ ಕೊಡ್ತೀನಿ," ಎಂದಿತು.

ಇರುವಂತಿ ಕೈಯಿಟ್ಟಳು. ಹುಲಿಯ ಹಲ್ಲು ಅವಳ ಮಣಿಕಟ್ಟಿನ ಮೇಲೆ ಆನಿಕೊಂಡಿದ್ದವು. ಹೊತ್ತು ಹೋಗಬೇಕಲ್ಲ, ಹುಲಿ ಗಂಟಲಲ್ಲೇ ಕೇಳಿತು: "ಯಾರಿಗಾಗಿ ಇದೆಲ್ಲ?"

"ನನ್ನ ತಂಗಿಗೆ, ಹುಲಿಯಪ್ಪ."

"ಹೇಗಿದ್ಳು ನಿನ್ನ ತಂಗಿ?"

ಮಾತೇ ಬಾರದ ಇರುವಂತಿಗೆ ಮಾತು ಬಂತು. ಕೆಂಚಿಯ ಮುಂದಿನ ಹಲ್ಲು ಬಿದ್ದಿತ್ತು, ಆ ಸಂದಿಯಲ್ಲಿ ನೂಲು ಸಿಕ್ಕಿಸಿ ಕಡಿಯುತ್ತಿದ್ದಳು ಎಂದಳು. ನಗುವಾಗ ಬಿಕ್ಕಳಿಕೆ ಬರುತ್ತಿತ್ತು ಎಂದಳು. ಪ್ರತಿ ಗಿಳಿಗೂ ಒಂದೊಂದು ಹೆಸರಿಟ್ಟಿದ್ದಳು, ಒಂದಕ್ಕೆ ಸಾತವ್ವ ಅಂತಲೇ ಇಟ್ಟಿದ್ದಳು, ಯಾಕೆಂದರೆ ಅದರ ಕೊಕ್ಕು ತೆರೆದಿತ್ತು ಎಂದಳು. ಹುಲಿಗೆ ನಗು ಬಂದು ಬಾಯಿ ತೆರೆದುಕೊಂಡಿತು. ಕೈ ಹೊರಗೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಸೂರ್ಯ ಮುಳುಗಿದ.

ಹುಲಿ ಒಂದು ಬೆಳ್ಳಿ ಮೀಸೆ ಕೊಟ್ಟಿತು. "ಆಗಾಗ ಬರ್ತಿರು ತಾಯಿ. ಉಳಿದದ್ದನ್ನೂ ಹೇಳು. ನಂಗೂ ಇಲ್ಲಿ ಯಾರೂ ಇಲ್ಲ."

"ನನಗೆ ಹೊತ್ತಿಲ್ಲ," ಎಂದು ಇರುವಂತಿ ಹೊರಟಳು.

ಮನೆಗೆ ಬಂದಾಗ ಗೂಡಿನಲ್ಲಿ ಮುದ್ದೆ ಸಾರು ಕಾಯುತ್ತಿತ್ತು. ನಿಂತುಕೊಂಡೇ ಉಂಡಳು. ಆಚೆಯಿಂದ ಸಾತವ್ವ, "ಉಪ್ಪು ಸರಿಯಾಗಿದ್ಯೇನೇ?" ಎಂದಳು. "ಹೂಂ," ಎಂದು ಇರುವಂತಿ ಮಗ್ಗಕ್ಕೆ ಇಳಿದಳು.

ಬಟ್ಟೆ ಕಲ್ಲುಕಾಡು ದಾಟಿತು. ಮುಂದೆ ಕರಿನೀರಿನ ಕೆರೆ ಬಂತು. ಅದರೊಳಗೆ ಬಿದ್ದದ್ದೆಲ್ಲ ಮುಳುಗುತ್ತಿತ್ತು, ಎಲೆ ಕೂಡ. ತಾವರೆ ದಂಟಿನ ನೂಲು ಮಾತ್ರ ತೇಲುತ್ತಿತ್ತು. ಕೆರೆಯ ನಡುವೆ ನಿದ್ದೆಯಿಲ್ಲದ ಒಂದು ಮುದಿ ಆನೆ ನಿಂತಿತ್ತು. ನೂರು ವರ್ಷದಿಂದ ಸಿಕ್ಕಾದ ಒಂದು ಗುಡ್ಡೆ ತಾವರೆನೂಲನ್ನು ತೋರಿಸಿ, "ಒಂದೆಳೆ ಕಡಿಯದ ಹಾಗೆ ಸಿಕ್ಕು ಬಿಡಿಸಿದ್ರೆ ನಿಂದೇ" ಎಂದಿತು.

ಏಳು ದಿನ ಸೊಂಟದವರೆಗೆ ನೀರಿನಲ್ಲಿ ನಿಂತು ಇರುವಂತಿ ಸಿಕ್ಕು ಬಿಡಿಸಿದಳು. ಬೆರಳ ತುದಿ ಬಿಳಿಚಿ ಸುಕ್ಕಾಯಿತು. ಒಂದೆಳೆಯೂ ಕಡಿಯಲಿಲ್ಲ. ಏಳನೆಯ ದಿನ ಆನೆ ಕೇಳಿತು: "ಯಾರಿಗಾಗಿ ಇದೆಲ್ಲ?"

"ತಂಗಿಗೆ."

"ಹೇಗಿದ್ಳು ನಿನ್ನ ತಂಗಿ?"

"ಒಂಬತ್ತು ವರ್ಷ. ಲಂಗಕ್ಕೆ ನಾಲ್ಕೂವರೆ ಮೊಳ ಬೇಕಿತ್ತು. ಅಂಚು ಮೂರು ಬೆರಳು. ಈಗ ಸಾವಿರದ ನೂರು ಮೊಳ ಆಗಿದೆ."

ಆನೆ ತುಂಬ ಹೊತ್ತು ಕಿವಿ ಬೀಸಿತು. "ನಾನು ಹುಡುಗಿ ವಿಷಯ ಕೇಳ್ದೆ ಮಗು. ನೀನು ಬಟ್ಟೆ ವಿಷಯ ಹೇಳ್ದೆ. ಒಂದು ಗಳಿಗೆ ದಡದಲ್ಲಿ ಕೂತ್ಕೋ, ನಿಧಾನಕ್ಕೆ ನೆನಪು ಮಾಡ್ಕೋ."

"ನನಗೆ ಹೊತ್ತಿಲ್ಲ," ಎಂದು ಇರುವಂತಿ ಹೊರಟಳು.

ಮನೆಗೆ ಬಂದಾಗ ಗೂಡಿನಲ್ಲಿ ರೊಟ್ಟಿಯಿತ್ತು. ರೊಟ್ಟಿಯ ಹಿಂದೆ ಸಾತವ್ವನ ಮುಖ. "ಇರುವಂತೀ, ನನ್ನ ಸೀರೆ ನೋಡು, ಜರಡಿ ಆಗಿದೆ. ನಂದೊಂದೇ ಅಲ್ಲ, ಊರೋರದ್ದೆಲ್ಲ ಹಂಗೇ. ಮುಟ್ಟಿದ್ರೆ ಪುಡಿ. ತೊಟ್ಟಿಲು ಬಟ್ಟೆ ಹರಿದು ಕೂಸು ಬೀಳ್ತಾವೆ. ನಿನ್ನ ಬಟ್ಟೆ ಹಾದುಹೋದ ಕಡೆಯಿಂದಾನೇ ನುಸಿ ಏಳ್ತಾ ಇದೆ ಅಂತಾರೆ ಕಣೇ."

"ನೋಡಬೇಡ," ಎಂದಳು ಇರುವಂತಿ. "ಇನ್ನೊಬ್ಬರ ಕಣ್ಣು ಬೀಳಬಾರದು."

"ನಾನು ಇನ್ನೊಬ್ಬಳೇನೇ?"

ಇರುವಂತಿ ಹಿತ್ತಿಲಿಂದ ಮಣ್ಣು ಕಲಸಿ ತಂದು ಗೂಡನ್ನು ಮುಚ್ಚಿದಳು, ಮುಂಬಾಗಿಲಿಗೂ ಅಗಳಿ ಹಾಕಿದಳು. ರೊಟ್ಟಿ ಒಳಗೇ ಉಳಿಯಿತು. ದೀಪವೂ.

ಈಗ ಅವಳ ಮನೆಗೆ ಹಿತ್ತಿಲ ಬಾಗಿಲಿನ ಬೆಳಕೊಂದೇ. ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೆಲವು ಸಲ ಅವಳು ನಿಲ್ಲಿಸಿ ಕಿವಿಗೊಡುತ್ತಿದ್ದಳು, ಏನನ್ನು ಕೇಳಲು ನಿಲ್ಲಿಸಿದೆ ಎಂಬುದು ಮರೆತುಹೋಗಿ ಮತ್ತೆ ಶುರುಮಾಡುತ್ತಿದ್ದಳು. ಕಂಡಿಕೆ ಸುತ್ತುವ ರಾಟೆಯ ಮುಂದೆ ಚಿಕ್ಕ ಮಣೆಯೊಂದಿತ್ತು. ಓಡಾಡುವಾಗ ಕಾಲಿಗೆ ಎಡವುತ್ತದೆ ಎಂದು ಒಂದು ದಿನ ಅದನ್ನು ಅಟ್ಟಕ್ಕೆ ಎಸೆದಳು. ಯಾರ ಮಣೆ ಎಂದು ಯೋಚಿಸಲಿಲ್ಲ.

ಬಟ್ಟೆ ಕೆರೆ ದಾಟಿ ಮಂಜಿನ ಕಣಿವೆಯ ಅಂಚಿಗೆ ಬಂತು. ಮಂಜಿನ ಮೇಲೆ ನಿಲ್ಲುವ ನೂಲು ಒಂದೇ, ಮೋಡದ ನೂಲು. ಅದು ಇದ್ದದ್ದು ಕೊನೆಯ ಶಿಖರದ ಗಂಡಭೇರುಂಡದ ಗೂಡಿನಲ್ಲಿ. ಆ ಹಕ್ಕಿಯ ಎರಡು ತಲೆಗೂ ಮುನ್ನೂರು ವರ್ಷದಿಂದ ಮಾತಿರಲಿಲ್ಲ.

ಇರುವಂತಿ ಹತ್ತಿ ಬಂದಾಗ ಬಲದ ತಲೆ, "ಬಂದ್ಯಾ? ಆ ಕಡೆಯವನಿಗೆ ಹೇಳು, ಸುಮ್ಸುಮ್ನೆ ರೆಕ್ಕೆ ಒದರಬೇಡ ಅಂತ" ಎಂದಿತು.

"ಈ ರೆಕ್ಕೆ ನಂದೂ ಹೌದು ಅಂತ ಹೇಳು ಅವನಿಗೆ," ಎಂದಿತು ಎಡದ ತಲೆ.

ಇರುವಂತಿ ಯಾರಿಗೂ ಏನೂ ಹೇಳಲಿಲ್ಲ. "ಮೋಡದ ನೂಲು," ಎಂದಳು. ಬಹಳ ದಿನ ಮಾತಾಡದೆ ಅವಳ ದನಿ ಒಣಗಿದ ಎಲೆಯ ಹಾಗಾಗಿತ್ತು.

"ಯಾರಿಗಾಗಿ ಇದೆಲ್ಲ?" ಎಂದವು ಎರಡೂ.

ಇರುವಂತಿ ಬಾಯಿ ತೆರೆದಳು. ಹೆಸರು ಬರಲಿಲ್ಲ. ಹುಡುಕಿದಳು. ಒಂದು ಮುಖ ಇರಬೇಕಿತ್ತು, ಅಲ್ಲಿ ಬೂದು ಪುಡಿಯಿತ್ತು. ಕೊನೆಗೆ, "ಬಟ್ಟೆಗೆ," ಎಂದಳು. "ಬಟ್ಟೆ ಮುಂದಕ್ಕೆ ಹೋಗ್ಬೇಕು."

ಬಲದ ತಲೆ ಆಚೆ ತಿರುಗಿಕೊಂಡಿತು. ಎಡದ ತಲೆಯ ಕಣ್ಣಲ್ಲಿ ನೀರು ಬಂತು. "ತಗೊಂಡು ಹೋಗು," ಎಂದಿತು. "ಕಳಕೊಳ್ಳೋಕೆ ಏನೂ ಉಳಿದಿಲ್ಲದವಳಿಗೆ ಯಾವ ಪರೀಕ್ಷೆ ಒಡ್ಡೋದು?"

ಈ ಸಲ ಮನೆಗೆ ಬಂದಾಗ ಊಟವಿರಲಿಲ್ಲ. ಗೋಡೆಯ ಮೇಲೆ ಮಣ್ಣಿನ ತೇಪೆಯಿತ್ತು ಅಷ್ಟೇ.

ಇಷ್ಟರಲ್ಲಿ ಬೆಳಕೋಡಿನಲ್ಲಿ ಒಂದು ಇಡೀ ಸೀರೆ ಉಳಿದಿರಲಿಲ್ಲ. ಕೋಟೆಯ ಬಾವುಟ ಉದುರಿಹೋಗಿತ್ತು. ಅರಸನು ಕುತ್ತಿಗೆವರೆಗೂ ಭತ್ತದ ಕಣಜದೊಳಗೆ ಕೂತು ದರ್ಬಾರು ನಡೆಸುತ್ತಿದ್ದ. ಚಳಿಗಾಲ ಹತ್ತಿರ ಬರುತ್ತಿತ್ತು, ಕೂಸುಗಳಿಗೆ ಹೊದಿಸಲು ಏನೂ ಇರಲಿಲ್ಲ. ಅರಸನ ಸೈನಿಕರು ಬಾಳೆಯೆಲೆ ಸುತ್ತಿಕೊಂಡು, ಕತ್ತಿ ಹಿರಿದು, ಇರುವಂತಿಯ ಮನೆಗೆ ಬಂದರು. ಬಟ್ಟೆಯನ್ನು ಕಡಿದುಹಾಕಿ ಬನ್ನಿ ಎಂದು ಅಪ್ಪಣೆಯಾಗಿತ್ತು.

ಬಾಗಿಲಿಗೆ ಅಡ್ಡವಾಗಿ ಸಾತವ್ವ ಕೂತಿದ್ದಳು. ಮೈಗೆ ಚಾಪೆ ಸುತ್ತಿಕೊಂಡಿದ್ದಳು. ಮಡಿಲಲ್ಲಿ ಕುಡುಗೋಲು.

"ಅವಳು ಬಡಿದಿಲ್ಲ," ಎಂದಳು. "ಬಡಿಯದೆ ಕೊಯ್ದ್ರೆ ಹುಡುಗಿ ಉಸಿರು ಹೋಗುತ್ತೆ. ನಿಮ್ಮವ್ವಂದಿರು ಹೇಳಿಕೊಟ್ಟಿಲ್ವಾ?"

"ರಾಜ್ಯಾನೇ ಬೆತ್ತಲೆ ಆಗಿದೆ ಮುದುಕಿ!"

"ಗೊತ್ತು, ಕಾಣ್ತಾ ಇದೆ. ಎಲೆ ಸರಿಯಾಗಿ ಕಟ್ಕೋ," ಎಂದಳು ಸಾತವ್ವ. "ಮೂರು ದಿನ ಕೊಡಿ. ಬಡೀತಾಳೆ."

ಸೈನಿಕರು ಮೂರು ದಿನ ಕೊಟ್ಟರು. ಒಳಗೆ ಇರುವಂತಿಗೆ ಇದು ಯಾವುದೂ ಕೇಳಿಸಲಿಲ್ಲ. ಮೊದಲನೆಯ ದಿನ ಬಡಿತದ ಸದ್ದಿಲ್ಲ. ಎರಡನೆಯ ದಿನವೂ ಇಲ್ಲ. ಸಾತವ್ವ ಕುಡುಗೋಲು ಮಸೆಯುತ್ತಾ ಕೂತಳು.

ಮೂರನೆಯ ದಿನ ಬೆಳಗ್ಗೆ ಬಟ್ಟೆಯ ತುದಿ ಆಚೆ ದಡಕ್ಕೆ ಕೈಯಳತೆ ದೂರದಲ್ಲಿತ್ತು. ಅವತ್ತು ಬಟ್ಟೆಯ ಗುಂಟ ಮಂಜು ಹರಿದು ಹಿತ್ತಿಲ ಬಾಗಿಲವರೆಗೂ ಬಂತು. ಮಂಜಿನಲ್ಲಿ ಒಂದು ಆಕಾರ ನಿಂತಿತ್ತು. ಚಿಕ್ಕದು. ಬೂದು ಲಂಗ. ಇರುವಂತಿ ಮಗ್ಗದ ಮೇಲಿಂದ ಮುಂದಕ್ಕೆ ಬಾಗಿದಳು.

"ಬಂದ್ಯಾ?"

"ಇನ್ನೊಂದು ಮೊಳ ಅಕ್ಕಾ," ಎಂದಿತು ಆಕಾರ. "ಇನ್ನೊಂದು ಮೊಳ ಆಗ್ಲಿ, ಆಮೇಲೆ ಬರ್ತೀನಿ."

ಇರುವಂತಿ ನೇಯ್ದಳು. ಬಟ್ಟೆ ಈ ಸಲ ಮುಂದಕ್ಕೆ ಸರಿಯಲಿಲ್ಲ. "ಈಗ?"

"ಇನ್ನೊಂದು ಮೊಳ ಆಗ್ಲಿ."

ಮತ್ತೆ ನೇಯ್ದಳು. ಬೆರಳು ಒಡೆದು ಎಳೆಯ ಮೇಲೆ ರಕ್ತ ಹತ್ತಿತು. "ಈಗ?"

"ಇನ್ನೊಂದು ಮೊಳ."

ಲಾಳಿ ಅರ್ಧದಲ್ಲಿ ನಿಂತಿತು. ಈ ಮಾತು ಯಾರದ್ದು? ಆ ಆಕಾರದ್ದಲ್ಲ. ತಂಗಿಯದ್ದೂ ಅಲ್ಲ. ಅದು ಇರುವಂತಿಯದೇ ಮಾತು.

ಅವಳು ನಿಧಾನವಾಗಿ ಕೇಳಿದಳು: "ನಿನಗೆ ಬಾಯಾರಿಕೆ ಆಗ್ತಾ ಇಲ್ವಾ?"

"ಬಾಯಾರಿಕೆ ಅಂದ್ರೆ ಏನು?" ಎಂದಿತು ಆಕಾರ.

ಆಗ ಇರುವಂತಿಗೆ ಮರೆತದ್ದೆಲ್ಲ ಒಂದೇ ಸಲಕ್ಕೆ ನೆನಪಾಯಿತು. ಅವತ್ತು ಮಧ್ಯಾಹ್ನ ಮೊಳ ಮುಗಿಸಿ ಎದ್ದು ನೀರು ತಂದದ್ದು. ತಂಗಿಯ ತಲೆ ಎತ್ತಿ ಹಿಡಿದದ್ದು. ಕೆಂಚಿ ಗಟಗಟನೆ ಕುಡಿದು, ತುಟಿ ಒರೆಸಿಕೊಂಡು, ಸಿಟ್ಟೇ ಇಲ್ಲದೆ, ಹಲ್ಲಿನ ಸಂದಿ ತೋರಿಸುತ್ತಾ ಕೇಳಿದ್ದು: "ಮೊಳ ಮುಗೀತಾ ಅಕ್ಕಾ? ಎಲ್ಲಿ, ಗಿಳಿ ತೋರ್ಸು."

ಒಂದು ವರ್ಷ ಅವಳು ನೇಯ್ದದ್ದು ಆ ನೀರಿನ ಲೋಟದ ಕಡೆ, ಅದರ ಹಿಂದೆಯೇ ಬಂದ ಸಾವಿನ ಕಡೆ ನೋಡಬಾರದು ಎಂದೇ.

"ಕೆಂಚಿ," ಎಂದಳು ಇರುವಂತಿ. ಹೆಸರು ಬಂತು. ಹೆಸರಿನ ಹಿಂದೆ ಅಳು ಬಂತು. ಆ ಆಕಾರ ಸಾವಿರ ನುಸಿಗಳಾಗಿ ಚೆದುರಿತು. ನುಸಿಗಳು ಮತ್ತೆ ಕೂಡಿಕೊಂಡು ನುಸಿರಾಯನಾಗಿ ನಿಂತವು. ಈಗ ಅವನ ತಲೆ ಸೂರಿಗೆ ತಾಗುತ್ತಿತ್ತು.

"ನೇಯಿ," ಎಂದ.

"ಅವಳು ಬರೋದಿಲ್ಲ, ಅಲ್ವಾ?"

"ಬರೋದಿಲ್ಲ. ಕೊಯ್ಯದೆ ಇರೋ ಬಟ್ಟೆ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದು ನಂದು. ನಿನ್ನಂಥೋರು ನೇಯ್ತಾ ಇದ್ರೆ, ಅದರಿಂದ ಎದ್ದು ಊರಿನ ಬಟ್ಟೆನೆಲ್ಲ ನಾನು ತಿಂತಾ ಇರ್ತೀನಿ. ನೇಯಿ."

ಇರುವಂತಿ ಕತ್ತಿ ತೆಗೆದುಕೊಂಡು ಎಳೆಗೆ ಹಾಕಿದಳು. ಕತ್ತಿ ಮೊಂಡಾಯಿತು. ನುಸಿರಾಯ ನಕ್ಕ. ಮನೆಯೆಲ್ಲ ಪುಡಿ ಉದುರಿತು.

"ಯಾರನ್ನ ಕರೀತೀಯ? ಗೂಡು ಮುಚ್ಚಿದೋಳು ನೀನೇ. ವರ್ಷದಿಂದ ಒಬ್ಬರ ಹೆಸರು ಹಿಡಿದು ಕರೆದಿಲ್ಲ. ಯಾರು ಬರ್ತಾರೆ?"

ಯಾರೂ ಬರಲಿಕ್ಕಿಲ್ಲ ಎಂದು ಇರುವಂತಿಗೂ ಅನ್ನಿಸಿತು. ಆದರೂ ಲಾಳಿಯನ್ನು ತಿರುಗಿಸಿ ಹಿಡಿದಳು. ಮಗ್ಗದ ಮರಕ್ಕೆ ಬಡಿದಳು.

ಟಕ್. ಟಕ್. ಟಕ್.

ಸದ್ದಿಲ್ಲ. ನುಸಿಗಳು ಅವಳ ಕೂದಲಿಗೆ, ರೆಪ್ಪೆಗೆ, ತುಟಿಗೆ ಕೂತವು.

ಧಡ್!

ಗೋಡೆ ಅದುರಿತು. ಧಡ್! ಮಣ್ಣಿನ ತೇಪೆ ಕಳಚಿ ಬಿತ್ತು. ಮೂರನೆಯ ಏಟಿಗೆ ಗೂಡು ಬಾಗಿಲಿನಷ್ಟು ದೊಡ್ಡದಾಗಿ ಒಡೆದುಕೊಂಡಿತು. ಒಂದು ಕೈಯಲ್ಲಿ ಒನಕೆ, ಒಂದು ಕೈಯಲ್ಲಿ ಕುಡುಗೋಲು, ಮೈಗೆ ಚಾಪೆ. ಸಾತವ್ವ ಒಳಗೆ ನುಗ್ಗಿದಳು.

"ಬಾಗಿಲಿಗೆ ಅಗಳಿ ಹಾಕ್ಕೊಂಡು ಕೊಯ್ಯೋಕೆ ಕರೀತಾಳೆ ನೋಡು ಮಹಾರಾಯ್ತಿ! ಮಸೆದು ಮಸೆದು ಕುಡುಗೋಲು ಅರ್ಧ ಸವೆದುಹೋಯ್ತಲ್ಲೇ! ಯಾವನೋ ಇವನು, ಅಡ್ಡ ನಿಂತೋನು? ಸರಿಯೋ ಆಚೆ!"

ಸಾತವ್ವ ಬಗ್ಗಿದಳು, ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದಳು, ಒಂದೇ ಎಳೆತಕ್ಕೆ ಕೊಯ್ದಳು.

"ಮುಗೀತು," ಎಂದಳು. ದನಿ ಸಣ್ಣದಾಗಿ, "ಮುಗೀತು ಕಣೇ ಮಗಳೇ. ಹೊಸದು ಹಾಕು."

ನುಸಿರಾಯನ ಮೈತುಂಬ ಇದ್ದದ್ದು ಕೊಯ್ಯದೆ ಉಳಿದ ಎಳೆಗಳೇ. ಅವೆಲ್ಲ ಒಟ್ಟಿಗೆ ಬಿಚ್ಚಿಕೊಂಡವು. ಅವನು ನಿಂತಲ್ಲಿ ಒಂದು ಮೊರದಷ್ಟು ಬೂದು ಪುಡಿ ಉಳಿಯಿತು. ಸಾತವ್ವ ಜೋರಾಗಿ ಸೀನಿದಳು, ಪುಡಿ ಹಿತ್ತಿಲ ಬಾಗಿಲಿಂದ ಹಾರಿಹೋಯಿತು. ಬೆಲ್ಲ ಹುಡುಕಿದರೆ ಮನೆಯಲ್ಲಿ ಇರಲಿಲ್ಲ. "ನಾಳೆ ಕೊಡು," ಎಂದಳು.

ಮಾರನೆಯ ದಿನ ಇಬ್ಬರೂ ಬಟ್ಟೆಯ ಗುಂಟ ಉತ್ತರಕ್ಕೆ ನಡೆದರು. ಇರುವಂತಿ ಕಲ್ಲುಕಾಡಿನಲ್ಲಿ ಕೂತು ಹುಲಿಗೆ ಉಳಿದ ಕತೆ ಹೇಳಿದಳು. ಕೆರೆಯ ದಡದಲ್ಲಿ ಕೂತು ಆನೆಗೆ ಹೇಳಿದಳು, ಕೇಳುತ್ತಾ ಕೇಳುತ್ತಾ ಆನೆಗೆ ನೂರು ವರ್ಷದ ನಿದ್ದೆ ಬಂತು. ಶಿಖರದ ಮೇಲೆ ಕೆಂಚಿಯ ಬಿಕ್ಕಳಿಕೆಯನ್ನು ಮಾಡಿ ತೋರಿಸಿದಾಗ ಗಂಡಭೇರುಂಡದ ಎರಡು ತಲೆಯೂ ಒಟ್ಟಿಗೆ ನಕ್ಕವು, ಆಮೇಲೆ ಒಂದರ ಮುಖ ಒಂದು ನೋಡಿಕೊಂಡವು.

ಕಣಿವೆಯ ಅಂಚಿನಲ್ಲಿ ಬಟ್ಟೆಯ ತುದಿ ಮಂಜಿನೊಳಗೆ ಚಾಚಿಕೊಂಡಿತ್ತು. ಅದು ಎಲ್ಲಕ್ಕಿಂತ ಮೊದಲು ನೇಯ್ದ ನಾಲ್ಕೂವರೆ ಮೊಳ. ಗಿಳಿಗಳಿದ್ದದ್ದು. ಇರುವಂತಿ ಬಟ್ಟೆಯನ್ನು ಎಳೆದುಕೊಂಡು ಅಳೆದು ತೋರಿಸಿದಳು. ಸಾತವ್ವ ಅಲ್ಲಿಗೆ ಸರಿಯಾಗಿ ಕೊಯ್ದಳು. ಮುಗೀತು ಎನ್ನಲು ಈ ಸಲ ಅವಳಿಗೆ ಆಗಲಿಲ್ಲ. ಇರುವಂತಿಯೇ ಹೇಳಿದಳು.

ಅವಳು ತುಂಡನ್ನು ಮತ್ತೆ ಮಂಜಿನೊಳಗೆ ಬೀಸಿ ಬಿಟ್ಟು, ಕೊಯ್ದ ಅಂಚನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆಚೆಯಿಂದ ಬಟ್ಟೆ ಒಂದು ಸಲ ಜಗ್ಗಿತು. ಇನ್ನೊಂದು ಸಲ ಜಗ್ಗಿತು. ಮಕ್ಕಳು ಸೆರಗು ಹಿಡಿದು ಎಳೆಯುವ ಹಾಗೆ, ಜೋರಾಗಿ ಅಲ್ಲ. ಇರುವಂತಿ ಬೆರಳು ಬಿಚ್ಚಿದಳು. ಗಿಳಿಗಳು ಒಂದೊಂದಾಗಿ, ಉದ್ದ ಬಾಲ ಎಳೆದುಕೊಂಡು, ಮಂಜಿನೊಳಗೆ ಹೋದವು.

ಉಳಿದ ಬಟ್ಟೆಯಲ್ಲಿ ಬೆಳಕೋಡಿನ ಎಲ್ಲರಿಗೂ ಉಡುಪಾಯಿತು, ತೊಟ್ಟಿಲುಗಳಿಗೆ ಹಾಸಾಯಿತು. ಅರಸನೂ ಕಣಜದಿಂದ ಹೊರಗೆ ಬಂದ. ಆ ಚಳಿಗಾಲದಲ್ಲಿ ಅಲ್ಲಿ ಯಾರೂ ನಡುಗಲಿಲ್ಲ. ಒಡೆದ ಗೋಡೆಯನ್ನು ಯಾರೂ ಕಟ್ಟಲಿಲ್ಲ. ಎರಡು ಮನೆ ಒಂದಾಯಿತು. ಇರುವಂತಿ ಅಟ್ಟದಿಂದ ಚಿಕ್ಕ ಮಣೆ ಇಳಿಸಿ ರಾಟೆಯ ಮುಂದೆ ಅದರ ಜಾಗದಲ್ಲೇ ಇಟ್ಟಳು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೆಲವು ಮಧ್ಯಾಹ್ನ ಅದನ್ನು ನೋಡುತ್ತಾ ಅವಳ ಕೈ ನಿಲ್ಲುತ್ತಿತ್ತು. ನಿಂತರೆ ನಿಲ್ಲಲಿ ಎಂದು ಬಿಡುತ್ತಿದ್ದಳು.

ಅವಳು ಹೊಸದು ಹಾಕಿದ ದಿನ, ಒಂದು ಗೇಣು ನೇಯ್ದಿರಬಹುದು, ಪಕ್ಕದ ಮಗ್ಗದಿಂದ ಸಾತವ್ವ, "ಒಂದು ಲೋಟ ನೀರು ಕೊಡೇ" ಎಂದಳು.

ಲಾಳಿ ಅರ್ಧ ದಾರಿಯಲ್ಲಿತ್ತು. ಇರುವಂತಿ ಅದನ್ನು ಅಲ್ಲೇ ಬಿಟ್ಟು ಎದ್ದಳು.

ಇವತ್ತಿಗೂ ಬೆಳಕೋಡಿನಲ್ಲಿ ಯಾರಾದರೂ ನೀರು ಕೇಳಿದರೆ ನೇಕಾರರು ಎಳೆಯ ನಡುವೆಯೇ ಏಳುತ್ತಾರೆ. ಹಾಗಾಗಿ ಅಲ್ಲಿನ ಬಟ್ಟೆಯಲ್ಲಿ ಅಲ್ಲಲ್ಲಿ ಒಂದು ಎಳೆ ಸಡಿಲ. ಕೊಳ್ಳುವವರು ಬಟ್ಟೆಯನ್ನು ಬಿಸಿಲಿಗೆ ಹಿಡಿದು ಅದನ್ನೇ ಹುಡುಕುತ್ತಾರೆ. ಸಿಕ್ಕರೆ, ಸುಖವಾಗಿರುವ ಮನೆಯಲ್ಲಿ ನೇಯ್ದದ್ದು ಎಂದು ತಿಳಿದು, ಮಡಿಸಿ ಮನೆಗೆ ಒಯ್ಯುತ್ತಾರೆ.